ಬೋಟಿನ ಎಂಜಿನ್‌ಗೆ ನೀರು ಹೊಕ್ಕಾಗ: ಪತ್ತೆ ಹಚ್ಚುವುದರಿಂದ ದುರಸ್ತಿಯವರೆಗೆ

ಆಗಸ್ಟ್ ಮೊದಲ ವಾರ ನಮ್ಮ ಗಂಗೊಳ್ಳಿ, ಮಲ್ಪೆ ಕಡೆಯ ಬಂದರುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಆಗಷ್ಟೇ ಮುಗಿದಿರುತ್ತದೆ. ಒಂದು ಕಡೆ ಐಸ್ ತುಂಬಿಸುತ್ತಿರುತ್ತಾರೆ, ಇನ್ನೊಂದು ಕಡೆ ಬಲೆ ಏರಿಸುತ್ತಿರುತ್ತಾರೆ. ಎರಡು ತಿಂಗಳು ಸುಮ್ನೆ ನಿಂತಿದ್ದ ಎಂಜಿನ್‌ಗಳು ಒಂದೊಂದಾಗಿ ಶುರುವಾಗುತ್ತವೆ. ಆ ಗದ್ದಲದ ನಡುವೆ ಒಂದು ಸದ್ದು ಕಿವಿಗೆ ಬಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಸೆಲ್ಫ್ ಒತ್ತಿದ ಕೂಡಲೇ "ಟಕ್" ಅಂತ ಒಂದೇ ಏಟು. ಆಮೇಲೆ ಏನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಬೋಟಿಗೆ ನನ್ನನ್ನು ಕರೆದಿದ್ದರು. ಸೈಲೆನ್ಸರ್ ಪೈಪಿನ ಬಾಯಿಗೆ ಕವುಚಿ ಹಾಕಿದ್ದ ಡಬ್ಬ ಮಳೆಗಾಳಿಗೆ ಹಾರಿಹೋಗಿತ್ತು. ಯಾರೂ ಗಮನಿಸಿರಲಿಲ್ಲ. ಮಾಲೀಕರ ಮಗ ಸೆಲ್ಫ್ ಒತ್ತಿದ್ದಾನೆ. ಟಕ್ ಅಂದಿದೆ. ಬ್ಯಾಟರಿ ಡೌನ್ ಆಗಿರಬೇಕು ಅಂದುಕೊಂಡು ಪಕ್ಕದ ಬೋಟಿನಿಂದ ಇನ್ನೊಂದು ಬ್ಯಾಟರಿ ತಂದು ಮತ್ತೆ ಒತ್ತಿದ್ದಾನೆ. ಈ ಸಲ ತಿರುಗಿತು, ಸ್ಟಾರ್ಟೂ ಆಯಿತು. ಆದರೆ ಒಳಗಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಬಿಚ್ಚಿ ನೋಡಿದರೆ ಒಂದು ಸಿಲಿಂಡರಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಸರಳು) ಬಾಗಿತ್ತು. ಸೀಸನ್ನಿನ ಒಳ್ಳೆಯ ದಿನಗಳೆಲ್ಲ ಆ ಬೋಟ್ ದಕ್ಕೆಯಲ್ಲೇ ಕಳೆಯಿತು. ಮೊದಲ ಏಟಿಗೆ ಕೈ ತೆಗೆದಿದ್ದರೆ ಒಂದೇ ದಿನದ ಕೆಲಸ ಅದು.

ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಹೆಚ್ಚಿನ ಮಾತು ಟ್ರಾಲ್ ಬೋಟುಗಳ ಒಳಗೆ ಕೂರಿಸಿದ ಡೀಸೆಲ್ ಎಂಜಿನ್ ಬಗ್ಗೆ. ನಾಡದೋಣಿಯ ಔಟ್‌ಬೋರ್ಡ್ ಮೋಟರಿಗೆ ಕೊನೆಯಲ್ಲಿ ಬೇರೆ ಭಾಗ ಇದೆ.

ಅರ್ಧ ಲೋಟ ನೀರು ಸಾಕು

ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಇಡೀ ಸಮಸ್ಯೆಯ ಬೇರು ಇದೇ. ಒಂದು 6 ಲೀಟರಿನ, 6 ಸಿಲಿಂಡರಿನ ಎಂಜಿನ್ ಅಂದುಕೊಳ್ಳಿ. ಒಂದು ಸಿಲಿಂಡರಿಗೆ 1 ಲೀಟರ್ ಜಾಗ. ಕಂಪ್ರೆಷನ್ 17ಕ್ಕೆ 1 ಅಂತ ಹಿಡಿದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 60 ಮಿ.ಲೀ. ಅಂದರೆ ಹೋಟೆಲಿನ ಚಹಾ ಲೋಟದ ಅರ್ಧ. ಅದಕ್ಕಿಂತ ಜಾಸ್ತಿ ನೀರು ಅಲ್ಲಿದ್ದರೆ ಪಿಸ್ಟನ್ ಮೇಲೆ ಬರಲಾರದು. ಸೆಲ್ಫ್ ಮೋಟರ್ ಬಲವಂತ ಮಾಡಿದರೆ ರಾಡ್ ಬಾಗುತ್ತದೆ, ಇಲ್ಲವೇ ಗ್ಯಾಸ್ಕೆಟ್ ಹೋಗುತ್ತದೆ.

ಈಗ ಮಳೆಯ ಲೆಕ್ಕ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿಯುತ್ತದೆ. ಮೂರು ಇಂಚಿನ ಸೈಲೆನ್ಸರ್ ಪೈಪ್ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದರೆ, 2,000 ಮಿ.ಮೀ. ಮಳೆಗೆ ಅದರೊಳಗೆ ಇಳಿಯುವ ನೀರು ಹತ್ತಿರ ಹತ್ತಿರ 9 ಲೀಟರ್. ಅರ್ಧ ಲೋಟ ಎಲ್ಲಿ, 9 ಲೀಟರ್ ಎಲ್ಲಿ!

ಆಯಿಲಿನೊಳಗೆ ನೀರು ಸೇರಿದರೆ ಕತೆ ಬೇರೆ. ಅಲ್ಲಿ ಏಟಿನ ಸದ್ದು ಬರುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಆದರೆ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರಬೇಕಾದ ಎಣ್ಣೆಯ ಪದರ ನಿಲ್ಲುವುದಿಲ್ಲ. ಲೋಹಕ್ಕೆ ಲೋಹ ಉಜ್ಜುತ್ತದೆ. ಉಪ್ಪುನೀರಾದರೆ ತುಕ್ಕೂ ಜೊತೆಗೆ. ಎಂಜಿನ್ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಲೈನರ್ (ಸಿಲಿಂಡರಿನ ಒಳಗಿನ ಕೊಳವೆ) ಗೋಡೆಯ ಮೇಲೆ ಕೆಂಪು ಕಾಣಲು ಶುರುವಾಗುತ್ತದೆ.

ಮೊದಲ ಅರ್ಧ ಗಂಟೆಯಲ್ಲಿ ಮಾಡಬೇಕಾದ್ದು

ಅನುಮಾನ ಬಂದ ಕ್ಷಣದಲ್ಲೇ ಸೆಲ್ಫ್‌ನಿಂದ ಕೈ ತೆಗೆಯಿರಿ. ಬ್ಯಾಟರಿಯ ಒಂದು ವಯರ್ ಕಳಚಿ ಪಕ್ಕಕ್ಕೆ ಕಟ್ಟಿಬಿಡಿ. ಮುಂದೆ ನೀವು ಫ್ಲೈವೀಲಿಗೆ ಕೈ ಹಾಕುವವರಿದ್ದೀರಿ. ಮೇಲಿನ ಕ್ಯಾಬಿನ್‌ನಿಂದ ಯಾರೋ ತಿಳಿಯದೆ ಸೆಲ್ಫ್ ಒತ್ತಿದರೆ ಬೆರಳು ಹೋಗುತ್ತದೆ. ಇದು ಅತಿ ಜಾಗ್ರತೆ ಅಲ್ಲ, ದಯವಿಟ್ಟು ಮಾಡಿ.

ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿ. ಬೋಟಿನ ಅಡಿಯಲ್ಲಿ ಎಷ್ಟು ನೀರು ನಿಂತಿದೆ ನೋಡಿ. ಶಾಫ್ಟಿನ ಗ್ಲ್ಯಾಂಡ್ ಸೋರಿ ನೀರು ಫ್ಲೈವೀಲ್ ಮಟ್ಟಕ್ಕೆ ಏರಿದ್ದರೆ, ಹಿಂದಿನ ಆಯಿಲ್ ಸೀಲ್ ಅಥವಾ ಡಿಪ್‌ಸ್ಟಿಕ್ ಪೈಪಿನ ಮೂಲಕ ಅದು ಒಳಗೆ ಹೋಗಿರಬಹುದು. ಎಷ್ಟು ಎತ್ತರಕ್ಕೆ ಏರಿತ್ತು ಅಂತ ಗೊತ್ತಾಗಲು ಎಂಜಿನ್ ಮೈಮೇಲೆ ಕೊಳೆಯ ಗೆರೆ ಉಳಿದಿರುತ್ತದೆ. ನೀರು ಖಾಲಿ ಮಾಡುವ ಮೊದಲು ಆ ಗೆರೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಕಾರಣ ಹುಡುಕುವಾಗ ಅದು ಬೇಕಾಗುತ್ತದೆ.

ಈಗ ಡಿಪ್‌ಸ್ಟಿಕ್ ಎಳೆಯಿರಿ. ಎರಡು ವಿಷಯ ನೋಡಿ: ಬಣ್ಣ ಮತ್ತು ಮಟ್ಟ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಆಯಿಲಿನ ಜೊತೆ ಕಡೆದುಹೋಗಿದೆ, ಅಂದರೆ ಎಂಜಿನ್ ಓಡುವಾಗ ನೀರು ಸೇರಿದೆ. ಬಣ್ಣ ಕಪ್ಪಾಗಿಯೇ ಇದ್ದು ಮಟ್ಟ ಮಾತ್ರ ಮೇಲಿನ ಗುರುತು ದಾಟಿದ್ದರೆ, ನಿಂತ ಎಂಜಿನ್‌ಗೆ ನೀರು ಇಳಿದು ತಳದಲ್ಲಿ ಕೂತಿರಬಹುದು. ಈ ಎರಡನೆಯದು ಜನರನ್ನು ಮೋಸ ಮಾಡುತ್ತದೆ. "ಆಯಿಲ್ ಕ್ಲೀನ್ ಇದೆ" ಅಂತ ಸ್ಟಾರ್ಟ್ ಮಾಡುತ್ತಾರೆ. ಆಯಿಲ್ ಪಂಪು ಮೊದಲು ಎಳೆಯುವುದೇ ತಳದ ನೀರನ್ನು.

ಆಯಿಲ್ ಹಾಕುವ ಮುಚ್ಚಳದ ಒಳಗೆ ಸ್ವಲ್ಪ ಹಳದಿ ಕೆನೆ ಕಂಡರೆ ಮಾತ್ರ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಸ್ವಲ್ಪ ಸ್ವಲ್ಪ ಓಡಿದಾಗ ಒಳಗಿನ ಹಬೆ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಹೇಳುವುದೇ ಸಾಕ್ಷಿ.

ಯಾವ ನೀರು? ಉಪ್ಪೋ, ಮಳೆಯೋ, ರೇಡಿಯೇಟರ್ ನೀರೋ

ತುಂಬಾ ಜನ ಈ ಹಂತ ಬಿಟ್ಟು ನೇರ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಬಿಚ್ಚುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯಾವ ನೀರು ಅಂತ ಗೊತ್ತಾದರೆ ಅರ್ಧ ದಾರಿ ಅಲ್ಲೇ ಮುಚ್ಚಿಹೋಗುತ್ತದೆ.

ಎಂಜಿನನ್ನು ಒಂದೆರಡು ಗಂಟೆ ಅಲುಗಿಸದೆ ಬಿಡಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ಸಡಿಲ ಮಾತ್ರ ಮಾಡಿ. ಮೊದಲು ಸೋರುವುದನ್ನು ಒಂದು ಪಾರದರ್ಶಕ ನೀರಿನ ಬಾಟಲಿಯಲ್ಲಿ ಹಿಡಿಯಿರಿ. ಬಾಟಲಿ ನಿಲ್ಲಿಸಿಟ್ಟರೆ ಅಡಿಯಲ್ಲಿ ನೀರು, ಮೇಲೆ ಆಯಿಲ್ ಬೇರೆಯಾಗುತ್ತದೆ. ಪೂರ್ತಿ ಕಡೆದುಹೋಗಿದ್ದರೆ ರಾತ್ರಿಯಿಡೀ ಬೇಕಾಗಬಹುದು. ಬೋಟಿನ ಒಳಗೆ ಡ್ರೈನ್ ಬೋಲ್ಟಿಗೆ ಕೈ ಹೋಗದಿದ್ದರೆ, ಡಿಪ್‌ಸ್ಟಿಕ್ ಪೈಪಿನಲ್ಲಿ ಸಣ್ಣ ಟ್ಯೂಬ್ ಇಳಿಸಿ ಕೈಪಂಪಿನಿಂದ ತಳದ್ದನ್ನೇ ಎಳೆಯಿರಿ.

ಆ ಅಡಿಯ ನೀರನ್ನು ಒಂದು ಹಳೆಯ ಸ್ಟೀಲ್ ಚಮಚಕ್ಕೆ ಹಾಕಿ, ಗಾಳಿ ಆಡುವ ಜಾಗದಲ್ಲಿ ಸಣ್ಣ ಉರಿಯ ಮೇಲೆ ಆವಿ ಮಾಡಿ. ಬಿಳಿ ಹರಳಿನ ಪದರ ಉಳಿದರೆ ಸಮುದ್ರದ ನೀರು. ಹಸಿರು ಅಥವಾ ಕೆಂಪು ಬಣ್ಣದ ಅಂಟು ಉಳಿದರೆ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ನೀರಿಗೆ ಬೆರೆಸುವ ದ್ರವ. ಮಸಿ ಬಿಟ್ಟು ಬೇರೇನೂ ಉಳಿಯದಿದ್ದರೆ ಮಳೆನೀರು ಅಥವಾ ಕೂಲೆಂಟ್ ಇಲ್ಲದ ಬರೀ ಸಿಹಿನೀರು. ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಬೇಡ. ಕೂಲೆಂಟ್ ವಿಷ. ಚಮಚದಿಂದ ತೀರ್ಮಾನ ಆಗದಿದ್ದರೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ ಬಿಡಿ. ಉಪ್ಪಿದ್ದರೆ ನೀರು ಮೊಸರು ಕದಡಿದ ಹಾಗೆ ಬೆಳ್ಳಗಾಗುತ್ತದೆ.

ನೀರು ತೀರಾ ಕಡಿಮೆ ಇದ್ದು, ಇದೆಯೋ ಇಲ್ಲವೋ ಅನ್ನುವುದೇ ಅನುಮಾನವಾದರೆ ಬಿಸಿ ತವಾ ಪರೀಕ್ಷೆ ಮಾಡಿ. ಅಡುಗೆಗೆ ಬಳಸದ ಒಂದು ಹಳೆಯ ತವಾವನ್ನು ನೀರಿನ ಹನಿ ಚುರ್ ಎನ್ನುವಷ್ಟು ಕಾಯಿಸಿ. ಹೊಗೆ ಬರುವಷ್ಟು ಬೇಡ. ಡಿಪ್‌ಸ್ಟಿಕ್‌ನ ಒಂದು ಹನಿ ಆಯಿಲ್ ಬಿಡಿ. ಶುದ್ಧ ಆಯಿಲ್ ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಚಟ ಅನ್ನುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಇನ್ನೊಂದು ಬಾಟಲಿಯಲ್ಲಿ ಹೆಡರ್ ಟ್ಯಾಂಕಿನ (ಎಂಜಿನ್ ತಂಪಾಗಿಸುವ ಸಿಹಿನೀರಿನ ಟ್ಯಾಂಕಿನ) ನೀರು ತೆಗೆಯಿರಿ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆರೆಯಬೇಕು. ಅದರಲ್ಲಿ ಉಪ್ಪಿದ್ದರೆ, ಆ ನೀರನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರಿನ ಟ್ಯೂಬ್ ತೂತಾಗಿದೆ. ಮೇಲೆ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರ್ ಮೇಲೆ ಮೊದಲ ಅನುಮಾನ. ಗೇರ್ ಬಾಕ್ಸಿನ ಆಯಿಲನ್ನೂ ಮರೆಯಬೇಡಿ. ಎಂಜಿನ್ ಆಯಿಲ್ ಚೆನ್ನಾಗಿದ್ದು ಗೇರ್ ಆಯಿಲ್ ಮಾತ್ರ ಹಾಲಿನಂತಾಗಿದ್ದರೆ ಗೇರ್ ಆಯಿಲಿನ ಕೂಲರ್ ಬಿಚ್ಚಿ, ಎಂಜಿನ್ ಮುಟ್ಟಬೇಡಿ.

ಡೀಸೆಲ್ ಟ್ಯಾಂಕಿಗೆ ನೀರು ಸೇರುವುದು ಬೇರೆಯೇ ಕಾಯಿಲೆ. ಆಯಿಲ್ ಚೆನ್ನಾಗಿರುತ್ತದೆ, ಎಂಜಿನ್ ಮಾತ್ರ ಮಿಸ್ ಹೊಡೆಯುತ್ತದೆ. ವಾಟರ್ ಸೆಪರೇಟರಿನ ಕೆಳಗಿನ ಬಟ್ಟಲು ಖಾಲಿ ಮಾಡಿದರೆ ಅಲ್ಲೇ ಗೊತ್ತಾಗುತ್ತದೆ.

ಸಿಲಿಂಡರಿನ ನೀರು ಹೊರಗೆ ಹಾಕುವುದು

ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಗಾಳಿ ಎಳೆಯುವ ಮ್ಯಾನಿಫೋಲ್ಡ್ ಎರಡನ್ನೂ ಖಾಲಿ ಮಾಡಿ. ಡ್ರೈನ್ ಪ್ಲಗ್ ಇಲ್ಲದಿದ್ದರೆ ಎಕ್ಸಾಸ್ಟ್ ಪೈಪಿನ ಫ್ಲೇಂಜ್ ಬಿಚ್ಚಿ. ಸಿಲಿಂಡರ್ ಖಾಲಿ ಮಾಡಿ ಮ್ಯಾನಿಫೋಲ್ಡ್‌ನಲ್ಲಿ ಎರಡು ಲೀಟರ್ ಬಿಟ್ಟರೆ ಅದು ಮತ್ತೆ ಒಳಗೆ ಬರುತ್ತದೆ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಬದಲಿಸಿ.

ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಎಲ್ಲ ನೋಝಲ್‌ಗಳನ್ನೂ ತೆಗೆಯಿರಿ. ಯಾವ ಸಿಲಿಂಡರಿನ ನೋಝಲ್ ಯಾವುದು ಅಂತ ಗುರುತು ಹಾಕಿ ಸಾಲಾಗಿ ಇಡಿ. ತುದಿಯಲ್ಲಿ ತುಕ್ಕು ಅಥವಾ ನೀರಿನ ಹನಿ ಕಂಡರೆ ಆ ಸಿಲಿಂಡರಿನ ನಂಬರ್ ಬರೆದುಕೊಳ್ಳಿ. ಪಂಪಿನಿಂದ ಬರುವ ಪೈಪುಗಳ ಬಾಯಿಗೆ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಕೆಳಗಿನ ತಾಮ್ರದ ವಾಷರ್ ಸಿಲಿಂಡರಿನ ತೂತಿನಲ್ಲೇ ಉಳಿದಿಲ್ಲ ಅಂತ ಟಾರ್ಚ್ ಹಾಕಿ ಖಚಿತ ಮಾಡಿಕೊಳ್ಳಿ. ಮತ್ತೆ ಜೋಡಿಸುವಾಗ ಹೊಸ ವಾಷರೇ ಹಾಕಬೇಕು.

ಈಗ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಎಲ್ಲ ಸಿಲಿಂಡರುಗಳ ಸರದಿ ಮುಗಿಯಲು ಎರಡು ಪೂರ್ತಿ ಸುತ್ತು ಬೇಕು. ನೀರಿರುವ ಸಿಲಿಂಡರಿನ ಪಿಸ್ಟನ್ ಮೇಲೆ ಬರುವಾಗ ನೋಝಲ್ ತೂತಿನಿಂದ ಕಪ್ಪು ನೀರು ಬುಗ್ಗೆಯಾಗಿ ಮೇಲೆ ಬರುತ್ತದೆ. ಅದನ್ನು ನೋಡಿದಾಗ ಒಂಥರಾ ಸಮಾಧಾನ ಆಗುತ್ತದೆ, ಯಾಕೆಂದರೆ ಆ ನೀರು ರಾಡ್ ಬಾಗಿಸದೆ ಹೊರಗೆ ಬಂತು. ನೋಝಲ್ ಎಲ್ಲ ತೆಗೆದ ಮೇಲೂ ಎಂಜಿನ್ ಒಂದೇ ಜಾಗದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡರೆ ಬಲವಂತ ಮಾಡಬೇಡಿ. ರಿಂಗುಗಳು ತುಕ್ಕು ಹಿಡಿದಿವೆ ಅಥವಾ ಒಳಗೆ ಏನೋ ಮುರಿದಿದೆ. ಡೀಸೆಲ್ ಹಾಕಿ ನೆನೆಯಲು ಬಿಟ್ಟು, ಅದಕ್ಕೂ ಬಗ್ಗದಿದ್ದರೆ ಹೆಡ್ ಬಿಚ್ಚುವುದೇ ದಾರಿ.

ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲೆ ಬ್ಯಾಟರಿ ಜೋಡಿಸಿ, ಡೀಸೆಲ್ ಸ್ಟಾಪ್ ಲಿವರ್ ಎಳೆದು ಹಿಡಿದು, ಐದಾರು ಸೆಕೆಂಡ್ ಸೆಲ್ಫ್ ಕೊಡಿ. ನೋಝಲ್ ತೂತುಗಳ ಎದುರು ಮುಖ ಇರಬಾರದು, ನೀರು ಸೂಜಿಯ ಹಾಗೆ ಚಿಮ್ಮುತ್ತದೆ. ನಂತರ ಪ್ರತಿ ಸಿಲಿಂಡರಿಗೆ ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿದ್ದನ್ನು ಎರಡು ಮೂರು ಚಮಚ ಹಾಕಿ ಕೈಯಲ್ಲಿ ತಿರುಗಿಸಿ. ಅದರಿಂದ ಲೈನರ್ ಗೋಡೆಗೆ ಎಣ್ಣೆಯ ಪದರ ಕೂರುತ್ತದೆ.

ಉಪ್ಪುನೀರಾಗಿದ್ದರೆ ಇಷ್ಟೆಲ್ಲ ಅದೇ ದಿನ ಆಗಬೇಕು. ಮೆಕ್ಯಾನಿಕ್ ನಾಳೆ ಬರುತ್ತಾರೆ ಅಂದರೂ ಈ ಭಾಗವನ್ನು ಬೋಟ್ ನಡೆಸುವ ತಾಂಡೇಲರೇ ಮಾಡಿಬಿಡಬಹುದು.

ನೀರು ಬಂದ ದಾರಿ

ಆಯಿಲ್ ದುಬಾರಿ. ದಾರಿ ಮುಚ್ಚದೆ ಹೊಸ ಆಯಿಲ್ ಹಾಕಿ ಓಡಿಸಿದರೆ ದುಡ್ಡನ್ನು ನೀರಿಗೆ ಹಾಕಿದ ಹಾಗೆಯೇ. ಚಮಚದಲ್ಲಿ ಕಂಡದ್ದರ ಪ್ರಕಾರ ಹುಡುಕಿ.

ಮಳೆನೀರಾದರೆ ಸೈಲೆನ್ಸರ್ ಪೈಪ್ ಇಲ್ಲವೇ ಡೆಕ್ಕಿನಿಂದ ಏರ್ ಫಿಲ್ಟರ್ ಮೇಲೆ ಸೋರುವ ಜಾಗ. ಇದು ಬೇಗ ಸಿಗುತ್ತದೆ.

ಸಮುದ್ರದ ನೀರಾದರೆ ಮೊದಲು ನೋಡಬೇಕಾದ್ದು ಉಪ್ಪುನೀರಿನ ಪಂಪು. ಗೇರಿನಿಂದ ತಿರುಗುವ ಪಂಪಿನಲ್ಲಿ ಎರಡು ಸೀಲ್ ಇರುತ್ತವೆ, ಒಂದು ನೀರನ್ನು ತಡೆಯಲು, ಇನ್ನೊಂದು ಎಂಜಿನ್ ಆಯಿಲನ್ನು ತಡೆಯಲು. ಎರಡರ ನಡುವೆ, ಪಂಪಿನ ಹೊಟ್ಟೆಯ ಅಡಿಯಲ್ಲಿ ಕಾಳುಮೆಣಸಿನ ಗಾತ್ರದ ಒಂದು ತೂತು. ನೀರಿನ ಸೀಲ್ ಹೋದಾಗ ಹನಿ ಅಲ್ಲಿಂದ ಹೊರಗೆ ಬೀಳಲಿ ಅಂತಲೇ ಅದನ್ನು ಕೊರೆದಿರುತ್ತಾರೆ. ಬಣ್ಣ ಹೊಡೆಯುವಾಗ ಅದು ಮುಚ್ಚಿಹೋಗುತ್ತದೆ. ಕೆಲವರು "ಸೋರುತ್ತಿದೆ" ಅಂತ ಎಂ-ಸೀಲ್ ಮೆತ್ತುತ್ತಾರೆ! ಆಗ ನೀರಿಗೆ ಉಳಿಯುವುದು ಒಂದೇ ದಾರಿ, ಶಾಫ್ಟಿನ ಗುಂಟ ಎಂಜಿನ್ನಿನ ಒಳಗೆ. ಒಂದು ತಂತಿ ತೂರಿಸಿ ಆ ತೂತು ತೆರೆದಿದೆಯಾ ನೋಡಿ. ಹನಿ ಬೀಳುತ್ತಿದ್ದರೆ ಸೀಲ್ ಬದಲಿಸಿ, ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಶಾಫ್ಟನ್ನೂ ಬದಲಿಸಿ.

ಎಕ್ಸಾಸ್ಟಿಗೇ ಸಮುದ್ರದ ನೀರು ಬೆರೆಸಿ ಹೊರಗೆ ಬಿಡುವ ಬೋಟುಗಳಲ್ಲಿ ಇನ್ನೂ ಎರಡು ದಾರಿ ಇವೆ. ನೀರು ಬೆರೆಯುವ ಬಾಗಿದ ಪೈಪ್ ಒಳಗಿಂದ ತುಕ್ಕು ತಿಂದು ತೂತಾದರೆ ನೀರು ಹಿಂದಕ್ಕೆ, ಸಿಲಿಂಡರಿಗೆ ಹರಿಯುತ್ತದೆ. ಇನ್ನೊಂದು ಸೈಫನ್. ಆ ಪೈಪ್ ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೆ ಅಥವಾ ಸ್ವಲ್ಪವೇ ಮೇಲೆ ಇದ್ದರೆ, ಎಂಜಿನ್ ನಿಂತ ಮೇಲೂ ನೀರು ತಾನಾಗಿ ಎಳೆದುಕೊಂಡು ಒಳಗೆ ತುಂಬುತ್ತದೆ. ಅದನ್ನು ತಡೆಯಲು ಎತ್ತರದಲ್ಲಿ ಗಾಳಿ ಬಿಡುವ ಒಂದು ವಾಲ್ವ್ ಇರುತ್ತದೆ. ಉಪ್ಪು ಕಟ್ಟಿ ಅದು ಅಂಟಿಕೊಂಡರೆ ಕೆಲಸ ಮಾಡುವುದಿಲ್ಲ. ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಊದಿ ನೋಡಿ.

ಇಂಥ ಬೋಟುಗಳಲ್ಲಿ ಎಂಜಿನ್ ಸ್ಟಾರ್ಟ್ ಆಗದೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದೂ ಅಪಾಯ. ಪ್ರತಿ ಸಲವೂ ಪಂಪು ನೀರು ತಳ್ಳುತ್ತದೆ, ಆದರೆ ಅದನ್ನು ಹೊರಗೆ ದೂಡಲು ಹೊಗೆ ಇರುವುದಿಲ್ಲ. ಎರಡು ಮೂರು ಸಲಕ್ಕೆ ಸ್ಟಾರ್ಟ್ ಆಗದಿದ್ದರೆ ಸೀ ವಾಲ್ವ್ ಮುಚ್ಚಿ ಪ್ರಯತ್ನಿಸಿ. ಸ್ಟಾರ್ಟ್ ಆದ ಕ್ಷಣವೇ ತೆರೆಯಿರಿ.

ಕೂಲೆಂಟ್ ಆಯಿಲಿಗೆ ಸೇರಿದ್ದರೆ ಕೆಲಸ ದೊಡ್ಡದು. ಹೆಡ್ ಗ್ಯಾಸ್ಕೆಟ್, ಬಿರುಕು ಬಿಟ್ಟ ಹೆಡ್, ಲೈನರ್ ಓ-ರಿಂಗ್, ಆಯಿಲ್ ಕೂಲರ್ ಈ ನಾಲ್ಕರಲ್ಲಿ ಒಂದು. ಬೇರೆ ಮಾಡುವುದು ಹೀಗೆ.

ಆಯಿಲ್ ಕೂಲರ್ ತೂತಾದಾಗ ಒಂದು ವಿಚಿತ್ರ ನಡೆಯುತ್ತದೆ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿನ ಒತ್ತಡಕ್ಕಿಂತ ಎಷ್ಟೋ ಜಾಸ್ತಿ. ಆದ್ದರಿಂದ ಆಯಿಲ್ ನೀರಿಗೆ ಹೋಗುತ್ತದೆ, ಹೆಡರ್ ಟ್ಯಾಂಕಿನಲ್ಲಿ ಜಿಡ್ಡು ತೇಲುತ್ತದೆ. ನಿಲ್ಲಿಸಿದ ಕೂಡಲೇ ಆಯಿಲಿನ ಒತ್ತಡ ಇಳಿದುಹೋಗುತ್ತದೆ, ಬಿಸಿ ನೀರಿನ ಒತ್ತಡ ಸ್ವಲ್ಪ ಹೊತ್ತು ಉಳಿಯುತ್ತದೆ. ಆಗ ನೀರು ಆಯಿಲಿಗೆ ಬರುತ್ತದೆ. ಎರಡೂ ಕಡೆ ಬೆರಕೆ ಕಂಡರೆ ಕೂಲರ್ ಬಿಚ್ಚಿ. ಒಂದು ಕಡೆಯ ಬಾಯಿಗಳನ್ನು ಮುಚ್ಚಿ, ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, 2 ಬಾರ್ ಆಸುಪಾಸು ಗಾಳಿ ಕೊಡಿ. ಗುಳ್ಳೆ ಎದ್ದ ಕಡೆ ತೂತು. ಟಯರ್ ಪಂಕ್ಚರ್ ನೋಡಿದ ಹಾಗೆಯೇ.

ಕೂಲರ್ ಸರಿ ಇದ್ದರೆ ನೀರಿನ ಕಡೆಗೆ ಒತ್ತಡ ಕೊಟ್ಟು ನೋಡಬೇಕು. ಹೆಡರ್ ಟ್ಯಾಂಕ್ ತುಂಬಿಸಿ, ಮುಚ್ಚಳದ ಜಾಗದಲ್ಲಿ ಪರೀಕ್ಷೆಯ ಕೈಪಂಪ್ ಕೂರಿಸಿ. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ. 0.9 ಬಾರ್ ಅಂತ ಇದ್ದರೆ ಸುಮಾರು 13 ಪಿಎಸ್‌ಐ. ಇಪ್ಪತ್ತು ನಿಮಿಷದಲ್ಲಿ ಮುಳ್ಳು ಇಳಿದರೆ ಸೋರಿಕೆ ಇದೆ. ಈಗ ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಅದಿಲ್ಲದಿದ್ದರೆ ಸಂಪು ಇಳಿಸಿ, ಟಾರ್ಚ್ ಹಿಡಿದು ಕೆಳಗಿನಿಂದ ಮೇಲೆ ನೋಡಿ. ಲೈನರಿನ ಹೊರಮೈ ಗುಂಟ ಹನಿ ಇಳಿದರೆ ಓ-ರಿಂಗ್. ಲೈನರಿನ ಒಳಗೆ, ಪಿಸ್ಟನ್ ಪಕ್ಕದಿಂದ ಇಳಿದರೆ ಹೆಡ್ ಅಥವಾ ಗ್ಯಾಸ್ಕೆಟ್, ಅಪರೂಪಕ್ಕೆ ಲೈನರಿನಲ್ಲೇ ತೂತು. ಸೋರಿಕೆ ಕಣ್ಣಿಗೆ ಕಾಣದಷ್ಟು ಸಣ್ಣದಾದರೆ ನಾನು ಪ್ರತಿ ಲೈನರಿನ ಕೆಳಗೆ ಒಂದೊಂದು ಒಣ ಪೇಪರ್ ತುಂಡು ಇಟ್ಟು, ಅದರ ಮೇಲೆ ಸಿಲಿಂಡರ್ ನಂಬರ್ ಬರೆದು, ಒತ್ತಡ ಹಾಗೇ ಬಿಟ್ಟು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಯಾವ ಪೇಪರ್ ನೆಂದಿದೆಯೋ ಅದೇ ಉತ್ತರ.

ಹೆಡ್ ಬಿಚ್ಚಬೇಕಾದರೆ ಗ್ಯಾಸ್ಕೆಟನ್ನು ಎಸೆಯಬೇಡಿ. ಎಲ್ಲಿಂದ ನೀರು ಹೋಗಿದೆ ಅಂತ ಅದರ ಮೇಲಿನ ಗುರುತೇ ಹೇಳುತ್ತದೆ. ಉಳಿದ ಪಿಸ್ಟನ್‌ಗಳ ತಲೆ ಮಸಿಯಿಂದ ಕಪ್ಪಾಗಿದ್ದು ಒಂದು ಮಾತ್ರ ತೊಳೆದ ಹಾಗೆ ಹೊಳೆಯುತ್ತಿದ್ದರೆ ನೀರು ಬಿದ್ದದ್ದು ಅಲ್ಲೇ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ನೋಡಿ. ಎಂಜಿನ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬಾಗಿದ್ದರೆ ಲೇತಿಗೆ ಕಳಿಸಿ. ಕಳಿಸುವಾಗ ಬಿರುಕಿನ ಪರೀಕ್ಷೆಯನ್ನೂ ಮಾಡಿಸಿ. ವಾಪಸ್ ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಬೇಕು. ಅಂದಾಜಿನ ಬಿಗಿ ಇಲ್ಲಿ ನಡೆಯುವುದಿಲ್ಲ.

ಹೀಟ್ ಎಕ್ಸ್‌ಚೇಂಜರಿನ ಒಂದೆರಡು ಟ್ಯೂಬ್ ತೂತಾಗಿದ್ದರೆ ಎರಡೂ ತುದಿಗೆ ಪ್ಲಗ್ ಹೊಡೆದು ಆ ಸೀಸನ್ ಕಳೆಯಬಹುದು. ಜಾಸ್ತಿ ಹೋಗಿದ್ದರೆ ಬದಲಿಸಿ. ಅದರೊಳಗಿನ ಸತುವಿನ ಕಡ್ಡಿ ಅರ್ಧ ಸವೆದಾಗಲೇ ಹೊಸದು ಹಾಕಿದ್ದರೆ ಟ್ಯೂಬುಗಳು ಉಳಿಯುತ್ತಿದ್ದವು. ಉಪ್ಪುನೀರು ಮೊದಲು ತಿನ್ನುವುದು ಸತುವನ್ನು, ಅದು ಮುಗಿದ ಮೇಲೆ ಟ್ಯೂಬನ್ನು.

ಆಯಿಲ್ ತೊಳೆಯುವುದು

ದಾರಿ ಮುಚ್ಚಿದ ಮೇಲೆ ಹಳೆಯ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ತೆಗೆಯಿರಿ. ಟ್ಯಾಪೆಟ್ ಕವರ್ ತೆರೆದು ಅಲ್ಲಿನ ಕೆನೆಯನ್ನು ಬಟ್ಟೆಯಿಂದ ಒರೆಸಿ. ನೋಝಲ್ ಕೂರಿಸುವ ಮೊದಲೇ ಅರ್ಧ ಡೀಸೆಲ್, ಅರ್ಧ ಆಯಿಲ್ ಬೆರೆಸಿ ಸಂಪಿಗೆ ಹಾಕಿ, ಕೈಯಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿ ಇಳಿಸಿ. ಡೀಸೆಲ್ ಬೆರೆತ ಆಯಿಲಿನಲ್ಲಿ ಎಂಜಿನ್ ಸ್ಟಾರ್ಟ್ ಮಾತ್ರ ಮಾಡಬೇಡಿ, ಅದಕ್ಕೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ಈಗ ಸರಿಯಾದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್. ಈ ಸುತ್ತಿಗೆ ದುಬಾರಿ ಬ್ರ್ಯಾಂಡ್ ಬೇಡ, ಗ್ರೇಡ್ ಸರಿ ಇದ್ದರೆ ಸಾಕು. ಸ್ಟಾಪ್ ಲಿವರ್ ಎಳೆದು ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ ಸೆಲ್ಫ್ ಕೊಡಿ. ಒಂದೇ ಸಲಕ್ಕೆ ಎಳೆಯಬೇಡಿ, ಬಿಟ್ಟು ಬಿಟ್ಟು ಕೊಡಿ. ಆಮೇಲೆ ಸ್ಟಾರ್ಟ್ ಮಾಡಿ. ಲೋಡ್ ಇಲ್ಲದೆ 10ರಿಂದ 15 ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿ ಇರುವಾಗಲೇ ಇಳಿಸಿ. ಮತ್ತೆ ಆಯಿಲ್, ಮತ್ತೆ ಫಿಲ್ಟರ್. ಸಾಮಾನ್ಯವಾಗಿ ಮೂರನೇ ಸಲಕ್ಕೆ ಡಿಪ್‌ಸ್ಟಿಕ್ ಸ್ವಚ್ಛವಾಗುತ್ತದೆ. ನಾಲ್ಕನೆಯದು ಬೇಕಾದರೆ ಮಾಡಿ, ಜಿಪುಣತನ ಬೇಡ. ಕೊನೆಯ ಸುತ್ತಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಿ ಅರ್ಧ ಗಂಟೆಯಾದರೂ ಓಡಲಿ. ಮೂಲೆಯಲ್ಲಿ ಉಳಿದ ತೇವ ಆವಿಯಾಗಿ ಬ್ರೀದರಿನಿಂದ ಹೊರಗೆ ಹೋಗುತ್ತದೆ.

ಇಳಿಸಿದ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಹೊಳೆಗೆ ಸುರಿಯಬೇಡಿ. ಮೀನು ಮರಿ ಬೆಳೆಯುವುದು ಅದೇ ಹೊಳೆಯ ಬಾಯಲ್ಲಿ.

ರಾಡ್ ಬಾಗಿದೆಯಾ?

ಟಕ್ ಅಂದ ಎಂಜಿನ್ ಆಗಿದ್ದರೆ ಇದನ್ನು ನೋಝಲ್ ಕೂರಿಸುವ ಮೊದಲೇ ನೋಡಿಬಿಡಿ. ನೋಝಲ್ ತೂತು ನೇರವಾಗಿ ಇಳಿಯುವ ಎಂಜಿನ್‌ಗಳಲ್ಲಿ ಒಂದು ಉದ್ದ, ನೆಟ್ಟಗಿನ ಸಣ್ಣ ಸರಳು ಸಾಕು. ಮೇಲಿನ ತುದಿ ಬಗ್ಗಿಸಿ, ಒಳಗೆ ಬೀಳದ ಹಾಗೆ ಮಾಡಿ. ಒಂದನೇ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಸರಳು ಎಷ್ಟು ಇಳಿಯುತ್ತದೆ ಅಂತ ಗುರುತು ಹಾಕಿ. ಉಳಿದವನ್ನೂ ಹಾಗೇ ನೋಡಿ. ಎಲ್ಲ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಒಂದೆರಡು ಮಿ.ಮೀ. ಕೆಳಗಿದ್ದರೆ ಅದರ ರಾಡ್ ಬಾಗಿದೆ. ನೋಝಲ್ ಓರೆಯಾಗಿ ಕೂರುವ ಎಂಜಿನ್‌ಗಳಲ್ಲಿ ಈ ಅಳತೆ ನಂಬಬೇಡಿ, ಕಂಪ್ರೆಷನ್ ಗೇಜಿನಿಂದ ನೋಡಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಸ್ಪಷ್ಟವಾಗಿ ಕಡಿಮೆ ತೋರಿಸಿದರೆ ಬಿಚ್ಚಲೇಬೇಕು. ಬಾಗಿದ ರಾಡಿನಲ್ಲೂ ಎಂಜಿನ್ ಓಡುತ್ತದೆ. ಆದರೆ ನಡುಸಮುದ್ರದಲ್ಲಿ ಅದು ತುಂಡಾದರೆ ಬ್ಲಾಕ್ ಒಡೆದುಕೊಂಡೇ ಹೊರಗೆ ಬರುತ್ತದೆ.

ನಾಡದೋಣಿಯ ಔಟ್‌ಬೋರ್ಡ್ ಮೋಟರ್ ಮುಳುಗಿದರೆ

ಗಂಗೊಳ್ಳಿಯಲ್ಲಿ ಐದು ಹೊಳೆ ಸೇರಿ ಸಮುದ್ರಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ಅಳಿವೆ ದಾಟುವಾಗ ದೋಣಿ ಮಗುಚುವುದು ನಮಗೆ ಹೊಸತಲ್ಲ. ಜನ ದಡ ಸೇರಿದ ಮೇಲೆ ಮೋಟರಿನ ಕಡೆ ನೋಡಿ.

ಮೋಟರ್ ನೀರಿನಲ್ಲಿ ಇರುವಷ್ಟು ಹೊತ್ತು ತುಕ್ಕು ನಿಧಾನ. ಎತ್ತಿ ಗಾಳಿಗೆ ಇಟ್ಟ ಮೇಲೆ ಓಟ ಶುರು. ಎರಡು ಮೂರು ಗಂಟೆಯೊಳಗೆ ಬಿಚ್ಚಿ ತೊಳೆದು ಸ್ಟಾರ್ಟ್ ಮಾಡಲು ಆಗುವುದಿಲ್ಲ ಅನ್ನಿಸಿದರೆ, ಒಂದು ಡ್ರಮ್ಮಿನ ಸಿಹಿನೀರಿನಲ್ಲಿ ಪವರ್ ಹೆಡ್ ಪೂರ್ತಿ ಮುಳುಗಿಸಿ ಇಡಿ. ಕೇಳಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಉಪ್ಪು ಕರಗಿ ಹೋಗುತ್ತದೆ, ಗಾಳಿ ತಾಗುವುದಿಲ್ಲ, ಮೆಕ್ಯಾನಿಕ್ ಬರುವವರೆಗೆ ಮೋಟರ್ ಉಳಿಯುತ್ತದೆ.

ಕೂಡಲೇ ಕೆಲಸ ಮಾಡುವುದಾದರೆ ಮೇಲಿನ ಕವಚ ತೆಗೆದು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸ್ಪಾರ್ಕ್ ಪ್ಲಗ್ ತೆಗೆಯಿರಿ, ಕಾರ್ಬುರೇಟರ್ ಖಾಲಿ ಮಾಡಿ. ಪ್ಲಗ್ ತೂತು ಕೆಳಗೆ ಬರುವ ಹಾಗೆ ಮೋಟರನ್ನು ಮಲಗಿಸಿ ಹಗ್ಗ ನಿಧಾನವಾಗಿ ಎಳೆಯಿರಿ. ಓಡುತ್ತಿದ್ದಾಗಲೇ ಮುಳುಗಿದ ಮೋಟರ್ ಆಗಿದ್ದು ಹಗ್ಗ ಬಿಗಿಯಾಗಿ ಹಿಡಿದರೆ ಅಲ್ಲೇ ನಿಲ್ಲಿಸಿ, ರಾಡ್ ಬಾಗಿರಬಹುದು. ಸಲೀಸಾಗಿ ತಿರುಗಿದರೆ ನೀರು ಬರುವುದು ನಿಂತ ಮೇಲೆ ಪ್ಲಗ್ ತೂತಿಗೂ ಕಾರ್ಬುರೇಟರ್ ಬಾಯಿಗೂ ಟೂ-ಸ್ಟ್ರೋಕ್ ಆಯಿಲ್ ಹಾಕಿ ಮತ್ತೆ ಎಳೆಯಿರಿ. ಟೂ-ಸ್ಟ್ರೋಕ್ ಮೋಟರಿನಲ್ಲಿ ಬೇರಿಂಗಿಗೆ ಆಯಿಲ್ ಬರುವುದು ಪೆಟ್ರೋಲ್, ಸೀಮೆಎಣ್ಣೆಯ ಜೊತೆಗೇ. ಬೇರೆ ಸಂಪು ಇಲ್ಲ, ಆದ್ದರಿಂದ ಅವು ಬೇಗ ತುಕ್ಕು ಹಿಡಿಯುತ್ತವೆ. ಹೊಸ ಪ್ಲಗ್, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ, ಅರ್ಧ ಗಂಟೆಗೆ ಕಡಿಮೆ ಇಲ್ಲದೆ ಓಡಿಸಿ. ಹಳೆ ಕ್ಯಾನಿನ ಸೀಮೆಎಣ್ಣೆಯಲ್ಲಿ ನೀರಿರುತ್ತದೆ, ಅದನ್ನು ಮುಟ್ಟಬೇಡಿ. ಫೋರ್ ಸ್ಟ್ರೋಕ್ ಆಗಿದ್ದರೆ ಎಂಜಿನ್ ಆಯಿಲನ್ನೂ ಮೇಲೆ ಹೇಳಿದ ಹಾಗೆ ಬದಲಿಸಬೇಕು.

ಕೆಳಗಿನ ಗೇರ್ ಕೇಸಿನ ಆಯಿಲ್ ಬೆಳ್ಳಗಾಗಿದ್ದರೆ ಪ್ರೊಪೆಲ್ಲರ್ ತೆಗೆದು ಹಿಂದೆ ನೋಡಿ. ಹತ್ತರಲ್ಲಿ ಎಂಟು ಸಲ ಬಲೆಯ ನೈಲಾನ್ ನೂಲು ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಸೀಲ್ ಬದಲಿಸಿ, ಎರಡೂ ಸ್ಕ್ರೂಗಳ ವಾಷರ್ ಹೊಸದು ಹಾಕಿ. ಆಯಿಲನ್ನು ಕೆಳಗಿನ ತೂತಿನಿಂದ ತುಂಬಿಸಿ, ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಹೊರಬರುವವರೆಗೆ.

ದುರಸ್ತಿಯಾದ ಮೇಲೆ

ಮೊದಲ ಟ್ರಿಪ್ ದೂರ ಹೋಗಬೇಡಿ. ಸಂಜೆಗೆ ವಾಪಸ್ ಬರುವಷ್ಟು ಇರಲಿ. ಹೊರಡುವ ಮೊದಲು ಡಿಪ್‌ಸ್ಟಿಕ್ ಮಟ್ಟ ಮತ್ತು ಹೆಡರ್ ಟ್ಯಾಂಕಿನ ಮಟ್ಟ ಎರಡನ್ನೂ ಸೀಮೆಸುಣ್ಣದಲ್ಲಿ ಎಂಜಿನ್ ರೂಮಿನ ಹಲಗೆ ಮೇಲೆ ಬರೆದಿಡಿ. ವಾಪಸ್ ಬಂದು ತಣ್ಣಗಾದ ಮೇಲೆ ಹೋಲಿಸಿ. ನೀರು ಇಳಿದು ಆಯಿಲ್ ಏರಿದ್ದರೆ ಸೋರಿಕೆ ಇನ್ನೂ ಇದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮತ್ತೆ ನೋಡಬೇಕು. 25 ಗಂಟೆ ಓಡಿದ ಮೇಲೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿ. ಫಿಲ್ಟರ್ ಕೊಯ್ದು ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಚೂರು ಕಂಡರೆ ಬೇರಿಂಗ್ ಪೆಟ್ಟು ತಿಂದಿದೆ ಅಂತ ಅರ್ಥ.

ಇನ್ನು ಮೇ ಕೊನೆಯಲ್ಲಿ ಬೋಟ್ ಕಟ್ಟುವಾಗ ಸೈಲೆನ್ಸರ್ ಬಾಯಿಗೆ ಡಬ್ಬ ಕವುಚಿ ಸುಮ್ನೆ ಬಿಡಬೇಡಿ. ಕೆಳಗೆ ಪ್ಲಾಸ್ಟಿಕ್ ಸುತ್ತಿ, ಡಬ್ಬವನ್ನು ತಂತಿಯಿಂದ ಎರಡು ಸುತ್ತು ಬಿಗಿದು ಕಟ್ಟಿ. ಸೀ ವಾಲ್ವ್ ಮುಚ್ಚಿ. ಹದಿನೈದು ದಿನಕ್ಕೊಮ್ಮೆ ಡಬ್ಬ ಇದೆಯಾ ನೋಡಿ, ಬ್ಯಾಟರಿ ವಯರ್ ಕಳಚಿ ಎಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಸೆಲ್ಫ್ ಬಟನ್ ಮೇಲೆ ಒಂದು ಚೀಟಿ ಅಂಟಿಸಿ: "ಡಬ್ಬ ತೆಗೆಯಿರಿ. ಮೊದಲು ಕೈಯಲ್ಲಿ ತಿರುಗಿಸಿ." ಆಗಸ್ಟ್ 1ರ ಗಡಿಬಿಡಿಯಲ್ಲಿ ಬಟನ್ ಒತ್ತುವವರು ನೀವೇ ಆಗಿರುತ್ತೀರಿ ಅಂತ ಹೇಳಲು ಆಗುವುದಿಲ್ಲ.